ಹಸಿರು ಪಟ್ಟಿ, ಒಂಬತ್ತರಲ್ಲಿ ಒಂದು

ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ನನ್ನ ತಮ್ಮನನ್ನು ಸೂಪರಿಂಟೆಂಡೆಂಟರು ತಮ್ಮ ಕೋಣೆಗೆ ಕರೆಸಿದ್ದು ಎರಡೇ ಸಲ. ಮೊದಲನೆಯ ಸಲ ಬೇರೆ ಯಾರನ್ನೋ ಕರೆಯಲು ಹೋಗಿ ತಪ್ಪಿ ಇವನನ್ನು ಕರೆದಿದ್ದರು. ಎರಡನೆಯ ಸಲದ ಕಥೆ ಇದು. ಆಗಲೂ ತಪ್ಪಿಯೇ ಕರೆದಿದ್ದರು, ಆದರೆ ಅದು ಯಾರಿಗೂ ತಕ್ಷಣ ಹೊಳೆಯಲಿಲ್ಲ.

ನನ್ನ ತಮ್ಮ ಕಣ್ಣಾಸ್ಪತ್ರೆಯೊಂದರ ಉಗ್ರಾಣದ ಗುಮಾಸ್ತ. ಹತ್ತಿ, ಬ್ಯಾಂಡೇಜು, ಫಿನಾಯಿಲು, ಬಕೆಟ್ಟು, ಕಾಲು ಮುರಿದ ಕುರ್ಚಿ, ಏನೇ ಒಳಗೆ ಬಂದರೂ ಅದರ ಹೆಸರು, ಬಣ್ಣ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂದು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವನ ಕೆಲಸ. ಹೀಗಾಗಿ ಆಸ್ಪತ್ರೆಯಲ್ಲೂ ನಮ್ಮ ಬೀದಿಯಲ್ಲೂ ಅವನು ದಾಸ್ತಾನಪ್ಪ. ಅವನಿಗೆ ಹೆಣ್ಣು ನೋಡಿ ಬಂದ ದಿನ "ಹುಡುಗಿ ಹೇಗಿದ್ದಾಳೋ?" ಎಂದು ನಾನು ಕೇಳಿದ್ದಕ್ಕೆ "ಸುಸ್ಥಿತಿಯಲ್ಲಿದ್ದಾಳೆ ಅಕ್ಕ" ಎಂದಿದ್ದ. ಆ ಹುಡುಗಿ ಇವತ್ತಿಗೂ ಅದನ್ನು ಮರೆತಿಲ್ಲ.

ಸೂಪರಿಂಟೆಂಡೆಂಟರ ಮೇಜಿನ ಮೇಲೆ ಮೇಲಿನ ಆಫೀಸಿನಿಂದ ಬಂದ ಒಂದು ಪತ್ರವಿತ್ತು. ಆಸ್ಪತ್ರೆಯ ವೆಬ್ ಪುಟವನ್ನು ಕಣ್ಣು ಕಾಣದವರೂ ಬಳಸುವಂತಿರಬೇಕು, ಶುಕ್ರವಾರದೊಳಗೆ ಪರಿಶೀಲಿಸಿ ವರದಿ ಕೊಡಿ ಎಂದು. ಕಂಪ್ಯೂಟರ್ ವಿಭಾಗದಾತ ಬೆನ್ನುನೋವಿನ ರಜೆಯಲ್ಲಿದ್ದ. ಪತ್ರದಲ್ಲಿ ಹೇಳಿದ್ದ ಪರೀಕ್ಷೆಯ ಯಂತ್ರಕ್ಕೆ ಸೂಪರಿಂಟೆಂಡೆಂಟರೇ ಪುಟವನ್ನು ಒಡ್ಡಿ ನೋಡಿದರು. ಅದು ಕೆಂಪು ಅಕ್ಷರದಲ್ಲಿ "ಕೊರತೆ: ನಲವತ್ತೊಂದು" ಎಂದಿತು.

"ನಮ್ಮಲ್ಲಿ ಕೊರತೆ ಅಂತ ಬಂದರೆ ಯಾರು ನೋಡೋದು?" ಎಂದು ಕೇಳಿದರು.

"ಉಗ್ರಾಣ ಸಾರ್."

"ಹಾಗಾದರೆ ನೋಡಿ."

ಕಣ್ಣು ಕಾಣದವರ ಫೋನು ಪುಟದಲ್ಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದಂತೆ. ಅಕ್ಷರವಾದರೆ ಓದುತ್ತದೆ. ಚಿತ್ರ ಬಂದರೆ ಅದಕ್ಕೆ ಬಾಯಿ ಕಟ್ಟುತ್ತದೆ. ಅದಕ್ಕೇ ಪ್ರತಿ ಚಿತ್ರದ ಹಿಂದೆ, ಕಾಣದ ಹಾಗೆ, ಅದು ಏನು ಅಂತ ನಾಲ್ಕು ಮಾತು ಬರೆದಿಡಬೇಕು. ನಮ್ಮ ಪುಟದಲ್ಲಿ ನಲವತ್ತೊಂದು ಚಿತ್ರಕ್ಕೆ ಆ ನಾಲ್ಕು ಮಾತಿಲ್ಲ. ಇಷ್ಟನ್ನು ಸೂಪರಿಂಟೆಂಡೆಂಟರು ಪತ್ರ ನೋಡಿಕೊಂಡೇ ವಿವರಿಸಿದರು.

"ವಸ್ತು ಏನು ಅಂತ ಬರೆಯೋದು ತಾನೇ?" ಎಂದ ತಮ್ಮ. "ಅದನ್ನ ನನಗೆ ಬಿಟ್ಟುಬಿಡಿ ಸಾರ್."

ಸೂಪರಿಂಟೆಂಡೆಂಟರಿಗೆ ಎಷ್ಟು ಹಗುರವಾಯಿತೆಂದರೆ, ಕೊರಳಿಗೆ ನೇತುಹಾಕಿಕೊಳ್ಳುವ ಒಂದು ಬಿಲ್ಲೆಯನ್ನೂ ಮಾಡಿಸಿಕೊಟ್ಟರು. ಅದರ ಮೇಲೆ "ಪುಟ ಪರಿಶೀಲನಾಧಿಕಾರಿ" ಎಂದಿತ್ತು. ತಮ್ಮ ಅದನ್ನು ಹಾಕಿಕೊಂಡೇ ಮನೆಗೆ ಬಂದ, ಹಾಕಿಕೊಂಡೇ ಊಟ ಮಾಡಿದ.

ಚಿತ್ರಗಳನ್ನೆಲ್ಲ ಕಾಗದಕ್ಕಿಳಿಸಿ ಮನೆಗೆ ತಂದಿದ್ದ. ಮೂರು ಸಂಜೆ ನಮ್ಮ ಊಟದ ಮೇಜೇ ಕಚೇರಿಯಾಯಿತು. ಅವನು ಹೇಳುವುದು, ಅವನ ಹೆಂಡತಿ ಬರೆದುಕೊಳ್ಳುವುದು, ಕಾಗುಣಿತ ತಿದ್ದುವುದು ನಾನು. ಬಿ.ಎ. ಓದಿದವಳು ಮನೆಯಲ್ಲಿ ಒಬ್ಬಳಿದ್ದದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ ಎಂದು ತಮ್ಮನೇ ವಹಿಸಿದ ಕೆಲಸ.

"ವೈದ್ಯರು, ಮೂವರು. ಬಿಳಿ ಕೋಟು. ನಡುವಿನವರ ಮೇಲಿನ ಗುಂಡಿ ಇಲ್ಲ."

"ಗುಂಡಿ ಇಲ್ಲ ಅಂತಾನೂ ಬರೀಬೇಕೇನ್ರೀ?"

"ಇವತ್ತು ಬರೆಯದೆ ಬಿಟ್ಟರೆ ನಾಳೆ ನಾನೇ ಕಿತ್ಕೊಂಡೆ ಅಂತಾರೆ. ಬರಿ. ಕಣ್ಣು, ಒಂದು. ದೊಡ್ಡದು. ಕಂದು ಬಣ್ಣ. ಸುಸ್ಥಿತಿಯಲ್ಲಿದೆ. ಉದ್ದನೆಯ ವಾಹನ, ಒಂದು. ಗಾಜು ಸ್ವಚ್ಛವಾಗಿದೆ. ಸೊಟ್ಟ ಅಕ್ಷರಗಳು, ಆರು. ಮೇಲೆ ಗೀರು ಬಿದ್ದಿವೆ, ಬದಲಾಯಿಸಬೇಕು."

ನಾನು "ಸುಸ್ಥಿತಿ"ಯ ಒತ್ತು ತಿದ್ದಿದೆ.

ಆಮೇಲೆ ಒತ್ತಿದರೆ ಬೇರೆ ಪುಟ ತೆರೆಯುವ, ಒಂದೇ ಥರದ ಒಂಬತ್ತು ಪಟ್ಟಿಗಳು ಬಂದವು. ಒಂದೊಂದರ ಮೇಲೂ ಬಿಳಿಯಲ್ಲಿ ಏನೋ ಬರೆದಿತ್ತು. ಒಂದೇ ಥರದ ಸಾಮಾನಿಗೆ ಬೇರೆ ಬೇರೆ ಸಾಲು ಬರೆಯುವುದು ಉಗ್ರಾಣದಲ್ಲಿ ದಂಡ ಎಂದು ತಮ್ಮ ಒಂಬತ್ತಕ್ಕೂ ಒಂದೇ ಮಾತು ಹೇಳಿದ. "ಹಸಿರು ಪಟ್ಟಿ, ಒಂಬತ್ತರಲ್ಲಿ ಒಂದು. ಮೇಲೆ ಬಿಳಿ ಬರಹ ಇದೆ. ಸುಸ್ಥಿತಿಯಲ್ಲಿದೆ."

"ಬರಹ ಇದೆ ಅಂದರೆ ಸಾಕಾ?" ಎಂದಳು ಹೆಂಡತಿ. "ಏನು ಬರೆದಿದೆ ಅಂತ ಬೇಡ್ವಾ?"

ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನೋಡು, ಡಬ್ಬದ ಮೇಲೆ ಚೀಟಿ ಇದೆಯೋ ಇಲ್ಲವೋ ಅನ್ನೋದು ಉಗ್ರಾಣದ ಕೆಲಸ. ಚೀಟಿಯಲ್ಲಿ ಏನಿದೆ ಅಂತ ಓದೋದು ಔಷಧಿ ವಿಭಾಗದ ಕೆಲಸ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಒಂದೇ ಒಂದು ಸಲ ಇನ್ನೊಬ್ಬರ ವಿಭಾಗಕ್ಕೆ ಕೈ ಹಾಕಿಲ್ಲ."

"ಅದು ಹಸಿರಲ್ಲ, ನೀಲಿ" ಎಂದಳು ಅವಳು, ಬೇರೆ ಕಡೆಯಿಂದ ಹಿಡಿದುಕೊಂಡು.

ಅಲ್ಲಿಂದ ಹಸಿರು–ನೀಲಿ ಎಂದು ಮುಕ್ಕಾಲು ಗಂಟೆ ನಡೆಯಿತು. ನಾನು ಎರಡೂ ಕಡೆಗೆ ಒಂದೊಂದು ಸಲ ಸೇರಿದೆ. ಕೊನೆಗೆ ಬಣ್ಣದ ವಿಷಯದಲ್ಲಿ ನಮ್ಮ ಕಟ್ಟಡದಲ್ಲೇ ದೊಡ್ಡ ತಜ್ಞೆ ಯಾರೋ ಅವರನ್ನೇ ಕರೆಸೋಣ ಎಂದು ತಮ್ಮ ಕೆಳಮನೆಯ ಟೈಲರಮ್ಮನನ್ನು ಕೂಗಿದ.

ಟೈಲರಮ್ಮ ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿ ಬಂದಳು. ಐವತ್ತು ದಾಟಿದ ಹೆಂಗಸು. ಕೆಳಗಿನ ಮುಂಕೋಣೆಯಲ್ಲಿ ಅವಳು, ಅವಳ ಹೊಲಿಗೆ ಯಂತ್ರ, ಅಷ್ಟೇ ಸಂಸಾರ. ಬಲಗಣ್ಣು ಹೋಗಿ ಎರಡು ವರ್ಷ. ಎಡಗಣ್ಣು ಇನ್ನೂ ಅಷ್ಟಿಷ್ಟು ಇತ್ತು. ಸೂಜಿಗೆ ದಾರವನ್ನು ನಾಲಿಗೆಯ ತುದಿಯಿಂದಲೇ ಪೋಣಿಸುತ್ತಿದ್ದಳು.

"ಬಣ್ಣ ಕೇಳೋಕೆ ನನ್ನ ಕರೆಸಿದ್ರಾ ಅಣ್ಣ? ಒಳ್ಳೆ ಸಮಯ ನೋಡಿ ಕರೆಸಿದಿರಿ" ಎಂದು ಕಾಗದವನ್ನು ಮೂಗಿಗೆ ತಾಗಿಸಿ ಹಿಡಿದಳು. "ಹಸಿರು ಅಂತಾನೇ ಬರ್ಕೊಳ್ಳಿ. ಕಾಣದವರಿಗೆ ಯಾವುದಾದರೇನು, ಕಾಣೋರು ಇದನ್ನ ಕೇಳಿಸಿಕೊಳ್ಳೋಕೆ ಬರಲ್ಲ."

ಎಲ್ಲರೂ ನಕ್ಕೆವು. ಅವಳೂ ನಕ್ಕಳು, ಆಮೇಲೆ ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದು ನನ್ನ ಕೈಗೆ ಕೊಟ್ಟಳು. ಕಣ್ಣಿನ ಹಿಂಭಾಗದಲ್ಲಿ ಒಂದು ಪೊರೆ ಸೆಳೆದುಕೊಳ್ಳುತ್ತಿದೆ, ಮೂರು ತಿಂಗಳಿಗೊಮ್ಮೆ ಹೊರಗಿನಿಂದ ಬರುವ ಸರ್ಜನ್ ಈ ಸಲ ಆಪರೇಷನ್ ಮಾಡಿದರೆ ಕಣ್ಣು ಉಳಿದೀತು, ಮುಂದಿನ ಸಲದ ಮಾತು ಹೇಳಲಾಗದು ಎಂದಿತ್ತು. ಸರ್ಜನ್ ಒಂದು ಭೇಟಿಗೆ ಹನ್ನೆರಡು ಜನರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಮೊದಲೆಲ್ಲ ಆಸ್ಪತ್ರೆಯ ಕಿಟಕಿಯಲ್ಲಿ ಹೆಸರು ಬರೆಸಬಹುದಿತ್ತು. ಶಿಫಾರಸು ನಡೆಯಬಾರದೆಂದು ಈಗ ಕಿಟಕಿ ಮುಚ್ಚಿದ್ದಾರೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ವೆಬ್ ಪುಟದಲ್ಲಿ ಪಟ್ಟಿ ತೆರೆಯುತ್ತದೆ, ಹನ್ನೆರಡು ಹೆಸರು ತುಂಬಿದೊಡನೆ ಮುಚ್ಚುತ್ತದೆ.

"ಅಕ್ಕ, ಸೋಮವಾರ ನೀವು ಬಂದು ಸ್ವಲ್ಪ ಒತ್ತಿಕೊಡ್ತೀರಾ?"

"ಬರ್ತೀನಿ ಕಣೇ" ಎಂದೆ.

"ಬರೋದೂ ಬೇಡ, ಒತ್ತೋದೂ ಬೇಡ" ಎಂದು ತಮ್ಮ ಎದ್ದು ನಿಂತ. ಬಿಲ್ಲೆ ಎದೆಯ ಮೇಲೆ ತೂಗಾಡಿತು. "ನಾನು ಪರಿಶೀಲನೆ ಮಾಡಿದ ಮೇಲೂ ಇನ್ನೊಬ್ಬರು ಒತ್ತಿಕೊಡೋದಾದರೆ ನಾನಿರೋದು ಯಾಕೆ? ಟೈಲರಮ್ಮ ತಾನೇ ಒತ್ತಬೇಕು. ಇವಳೇ ಮೊದಲ ಫಲಾನುಭವಿ. ಸೋಮವಾರ ಮೇಲಿನ ಆಫೀಸಿನವರು ಬರ್ತಾರೆ, ಸಭೆಯಲ್ಲಿ ಹೇಳ್ತೀನಿ."

ಟೈಲರಮ್ಮ ಅವನ ದನಿಯ ಕಡೆಗೆ ತಿರುಗಿದಳು. "ನಾನೇ ಒತ್ತಬಹುದಾ ಅಣ್ಣ? ನಿಜವಾಗ್ಲೂ?" ಎಂದು ಕೇಳಿದಳು. ಎರಡು ವರ್ಷದಿಂದ ಎಲ್ಲದಕ್ಕೂ ಇನ್ನೊಬ್ಬರ ಬಾಗಿಲು ತಟ್ಟುತ್ತಿದ್ದವಳು. ಆ ಸಂತೋಷದ ಎದುರು ನಾನು ಬಾಯಿ ಮುಚ್ಚಿಕೊಂಡೆ.

ಶುಕ್ರವಾರ ತಮ್ಮ ನಲವತ್ತೊಂದು ಮಾತುಗಳನ್ನೂ ಸೇರಿಸಿ ಪುಟವನ್ನು ಮತ್ತೆ ಯಂತ್ರಕ್ಕೆ ಒಡ್ಡಿದ. ಕೆಂಪು ಅಕ್ಷರಗಳು ಮಾಯವಾಗಿ "ನೂರಕ್ಕೆ ನೂರು" ಎಂದು ಬಂತು. ಯಂತ್ರ ನೋಡುವುದು ಮಾತು ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಆ ಮಾತು ಏನು ಎಂಬುದು ಅದರ ವಿಭಾಗವಲ್ಲ. ಶಾಲೆಯಲ್ಲಿ ಎಂದೂ ನಲವತ್ತು ದಾಟದವನು ಆ ಹಾಳೆಯನ್ನು ಅಚ್ಚು ಹಾಕಿಸಿ ತಂದು ಗೋಡೆಗೆ ಅಂಟಿಸಿದ. ಬೀಗರ ಮನೆಗೆಲ್ಲ ಫೋನು ಹೋಯಿತು.

"ಹಾಗಾದರೆ ನೀವೀಗ ಇಂಜಿನಿಯರಾ ಭಾವ?" ಎಂದು ಅವನ ಹೆಂಡತಿಯ ತಮ್ಮ ಕೇಳಿದ್ದು ಹೊರಗಿನವರೆಗೆ ಕೇಳಿಸಿತು.

"ಇಂಜಿನಿಯರು ಕಟ್ಟುತ್ತಾನಪ್ಪ. ಅದು ಸರಿ ಇದೆಯೋ ಇಲ್ಲವೋ ಅಂತ ನಾವು ನೋಡ್ತೀವಿ" ಎಂದ ತಮ್ಮ.

ಮೇಲಿನ ಮಹಡಿಯ ನಿವೃತ್ತ ಹೆಡ್ಮಾಸ್ಟರು ಮೆಟ್ಟಿಲಲ್ಲಿ ಸಿಕ್ಕಿ ಕೈಕುಲುಕಿದರು. ತಮ್ಮ ಮನೆಯ ಗ್ಯಾಸ್ ಒಲೆಯನ್ನೂ ಬಿಡುವಾದಾಗ ಒಮ್ಮೆ ಪರಿಶೀಲಿಸಬೇಕೆಂದು ಕೇಳಿಕೊಂಡರು. ಅವನು ಹೋಗಿ ನೋಡಿ, ಒಲೆ ಒಂದು, ಉರಿ ಎರಡು, ಸುಸ್ಥಿತಿ ಎಂದು ಬರೆದುಕೊಟ್ಟು ಬಂದ. ಅದು ಮಾರನೆಯ ದಿನವೇ ಕೆಟ್ಟಿತು. ಆ ಸೂಚನೆಯನ್ನೂ ನಾವು ಯಾರೂ ಗಮನಿಸಲಿಲ್ಲ.

ಸೋಮವಾರ ಮೋಡ ಮುಸುಕಿದ ಬೆಳಗು. ಕೆಳಗಿನ ಮುಂಕೋಣೆಯಲ್ಲಿ ದೀಪ ಹಾಕಿರಲಿಲ್ಲ. ಅವಳಿಗೆ ಬೇಕಿರಲಿಲ್ಲ, ನನಗೆ ಹಾಕಲು ತೋಚಲಿಲ್ಲ. ಬರಬೇಡ, ಒತ್ತಬೇಡ ಎಂದು ತಮ್ಮ ಹೇಳಿದ್ದನೇ ಹೊರತು ಕೂರಬೇಡ ಎಂದಿರಲಿಲ್ಲವಾದ್ದರಿಂದ ನಾನು ಹೋಗಿ ಬಟ್ಟೆಯ ರಾಶಿಯ ಪಕ್ಕ ಕೂತಿದ್ದೆ. ಫೋನಿನ ಪರದೆಯನ್ನು ಅವಳು ಸದಾ ಕತ್ತಲೆಯಾಗಿಯೇ ಇಡುತ್ತಾಳೆ, ಬ್ಯಾಟರಿ ಉಳಿಯುತ್ತದೆಂದು. ಕಿವಿಯ ಹತ್ತಿರ ಹಿಡಿದು ಬೆರಳಾಡಿಸುತ್ತಾ ಹೋದಳು.

ಹತ್ತು ಹೊಡೆಯಿತು.

"ಕಣ್ಣು, ಒಂದು" ಎಂದಿತು ಫೋನು. "ದೊಡ್ಡದು. ಕಂದು ಬಣ್ಣ. ಸುಸ್ಥಿತಿಯಲ್ಲಿದೆ."

"ಪುಣ್ಯವಂತರ ಕಣ್ಣು" ಎಂದಳು ಟೈಲರಮ್ಮ.

"ಹಸಿರು ಪಟ್ಟಿ, ಒಂಬತ್ತರಲ್ಲಿ ಒಂದು. ಮೇಲೆ ಬಿಳಿ ಬರಹ ಇದೆ. ಸುಸ್ಥಿತಿಯಲ್ಲಿದೆ." ಬೆರಳು ಮುಂದೆ ಸರಿಯಿತು. "ಹಸಿರು ಪಟ್ಟಿ, ಒಂಬತ್ತರಲ್ಲಿ ಒಂದು. ಮೇಲೆ ಬಿಳಿ ಬರಹ ಇದೆ."

"ಅಕ್ಕ, ಒಂಬತ್ತೂ ಒಂದೇ ಥರ ಅಂತಿದೆ. ಯಾವುದು ಒತ್ತಲಿ?"

"ಎಲ್ಲಾ ಒಂದೇ ಅಂದಮೇಲೆ ಯಾವುದಾದರೇನು, ಒತ್ತು" ಎಂದೆ. ಕಾಗುಣಿತ ತಿದ್ದಿದವಳ ಬುದ್ಧಿ ಅಷ್ಟಿತ್ತು.

ಮೊದಲನೆಯದನ್ನು ಒತ್ತಿದರೆ ದೂರು ಪೆಟ್ಟಿಗೆ ತೆರೆಯಿತು. ಎರಡನೆಯದು ಕಟ್ಟಡ ರಿಪೇರಿಯ ಟೆಂಡರು. ಅದನ್ನು ಫೋನು ಉಸಿರು ಬಿಡದೆ ಆರು ನಿಮಿಷ ಓದಿತು. ಮೂರನೆಯದನ್ನು ಒತ್ತಿದಾಗ "ಉದ್ದನೆಯ ವಾಹನ, ಒಂದು. ಗಾಜು ಸ್ವಚ್ಛವಾಗಿದೆ" ಎಂದು ಹೇಳಿ, "ಹೆಸರು?" ಎಂದು ಕೇಳಿತು.

"ಹೆಸರು ಕೇಳ್ತು ಅಕ್ಕ! ಇದೇ, ಇದೇ! ಆದರೆ ವಾಹನ ಯಾಕಂತೆ?"

"ಆಪರೇಷನ್ ಆದವರನ್ನ ಮನೆಗೆ ಬಿಡೋಕಿರಬೇಕು."

"ಎಷ್ಟು ಯೋಚನೆ ಮಾಡಿ ಮಾಡಿದಾರೆ ನೋಡಿ" ಎಂದು ತನ್ನ ಹೆಸರು ಹೇಳಿದಳು. ಫೋನು ಬರೆದುಕೊಂಡಿತು. ವಿಳಾಸ ಕೇಳಿತು, ಕೊಟ್ಟಳು. ಯಾವಾಗ ಬೇಕು ಎಂದಿತು, "ಆದಷ್ಟು ಬೇಗ" ಎಂದಳು. "ನಿಮ್ಮ ಕೋರಿಕೆ ದಾಖಲಾಗಿದೆ. ನಮ್ಮವರು ಸ್ವಲ್ಪ ಹೊತ್ತಿನಲ್ಲೇ ಬರುತ್ತಾರೆ" ಎಂದು ಫೋನು ಮೆಲ್ಲಗೆ, ತುಂಬ ಗೌರವದಿಂದ ಹೇಳಿತು.

ಟೈಲರಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡಳು. "ನಾನೇ ಒತ್ತಿದೆ ಅಕ್ಕ. ಯಾರ ಕೈಯೂ ಹಿಡೀಲಿಲ್ಲ." ನಾನು ಚಹಾ ಮಾಡಿ ತಂದೆ. ಇಬ್ಬರೂ ನಿಧಾನವಾಗಿ ಕುಡಿದೆವು. ಆ ಹೊತ್ತಿನಲ್ಲಿ ಆರನೆಯ ಹಸಿರು ಪಟ್ಟಿಯಲ್ಲಿ ಹನ್ನೆರಡು ಹೆಸರು ಒಂದೊಂದಾಗಿ ತುಂಬುತ್ತಿದ್ದವು.

ಹತ್ತೂ ಐವತ್ತಕ್ಕೆ ಬಾಗಿಲಲ್ಲಿ ಶವದ ವಾಹನ ನಿಂತಿತು.

ಇಳಿದವನು ಆಸ್ಪತ್ರೆಗಳಿಗೆಲ್ಲ ಆ ಗಾಡಿ ಓಡಿಸುವ ಡ್ರೈವರ್. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ನನ್ನನ್ನು ನೋಡಿ ತಗ್ಗಿದ ದನಿಯಲ್ಲಿ, "ಅವಸರ ಇಲ್ಲಮ್ಮ. ನಿಮ್ಮ ಕೆಲಸ ಎಲ್ಲಾ ಮುಗಿಸ್ಕೊಳ್ಳಿ, ಕಾಯ್ತೀನಿ" ಎಂದ. ಆಮೇಲೆ ಚೀಟಿ ನೋಡಿ ಟೈಲರಮ್ಮನ ಹೆಸರು ಹೇಳಿದ.

"ನಾನೇ" ಎಂದಳು ಟೈಲರಮ್ಮ ಒಳಗಿನಿಂದ. "ಬಂದೆ ಇರಪ್ಪ, ಚಪ್ಪಲಿ ಹುಡುಕ್ತಿದ್ದೀನಿ."

ಡ್ರೈವರ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಅಷ್ಟರಲ್ಲಿ ಕಟ್ಟಡವೆಲ್ಲ ಇಳಿದು ಬಂದಿತ್ತು. ಎದುರು ಮನೆಯವರು ರೇಡಿಯೋ ಆರಿಸಿದರು. ಹೆಡ್ಮಾಸ್ಟರು ಮೆಟ್ಟಿಲ ಮೇಲೇ ನಿಂತು, ಇಷ್ಟು ಬೇಗ ಹೋಗಬಾರದಿತ್ತು, ಕೊನೆಯವರೆಗೂ ದುಡಿದ ಜೀವ ಎಂದು ಶುರುಮಾಡಿದರು. ಅವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ನನ್ನ ಕಿವಿಯಲ್ಲಿ, "ನಂದೊಂದು ರವಿಕೆ ಕೊಟ್ಟಿದ್ದೆ. ಕತ್ತರಿಸಿದ್ದಳೋ ಏನೋ, ಈಗ ಕೇಳಬಾರದು ಬಿಡಿ" ಎಂದರು.

"ಕತ್ತರಿಸಿದ್ದೀನಿ, ಗುರುವಾರ ಕೊಡ್ತೀನಿ" ಎನ್ನುತ್ತಾ ಟೈಲರಮ್ಮ ಹೊರಗೆ ಬಂದಳು.

ಯಾರೋ ಕಿರುಚಿದರು. ಹೆಡ್ಮಾಸ್ಟರು ಭಾಷಣವನ್ನು ವಾಕ್ಯದ ನಡುವೆಯೇ ನಿಲ್ಲಿಸಿ, ಸ್ವಲ್ಪ ಬೇಸರದಿಂದಲೇ ಒಳಗೆ ಹೋದರು.

ಇದು ಯಾವ ಗಾಡಿ ಎಂದು ನಾನೇ ಹೇಳಬೇಕಾಯಿತು. ಟೈಲರಮ್ಮ ಗಾಡಿಯ ಹತ್ತಿರಕ್ಕೆ ಹೋದಳು. ಕೈ ಚಾಚಿ ಗಾಜನ್ನು ಮುಟ್ಟಿ ನೋಡಿದಳು. "ಗಾಜು ಸ್ವಚ್ಛವಾಗೇ ಇದೆ" ಎಂದಳು. ಆಮೇಲೆ, "ಹಾಗಾದರೆ ನನ್ನ ಹೆಸರು ಅಲ್ಲಿ ಇಲ್ಲವಾ ಅಕ್ಕ?"

"ಹತ್ತಿ ಅಮ್ಮ" ಎಂದ ಡ್ರೈವರ್. "ಆಸ್ಪತ್ರೆಗೆ ತಾನೇ? ಬಸ್ಸಿಗೆ ಕಾದರೆ ಮಧ್ಯಾಹ್ನ ಆಗತ್ತೆ. ಮುಂದಿನ ಸೀಟು ಬದುಕಿರೋರದ್ದೇ." ಸೀಟಿನ ಮೇಲಿದ್ದ ತನ್ನ ಶಾಲನ್ನು ಕೊಡವಿ, ಮಡಿಸಿ, ಅವಳ ಬೆನ್ನಿಗೆ ಇಟ್ಟ. ನಾನೂ ಅವಳ ಪಕ್ಕ ಹತ್ತಿ ಕೂತೆ. ಹಾದಿಯುದ್ದಕ್ಕೂ ಬೀದಿಯ ಜನ ನಿಂತು ನಮಗೆ ತಲೆಬಾಗಿದರು. ನಾನು ಅಭ್ಯಾಸಬಲದಿಂದ ತಿರುಗಿ ತಲೆಬಾಗಿದೆ.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ತಡೆದ. "ಈ ಗಾಡಿ ಹಿಂದಿನ ಗೇಟಿಗೆ."

"ಒಳಗಿರೋರು ಮಾತಾಡ್ತಾರೆ ಮಾರಾಯ" ಎಂದ ಡ್ರೈವರ್.

ಕಾವಲುಗಾರ ಬಗ್ಗಿ ನೋಡಿದ. "ಮಾತಾಡೋರಾದರೆ ಮುಂದಿನ ಗೇಟು."

ಸಭಾಂಗಣದಲ್ಲಿ ಕಾರ್ಯಕ್ರಮ ನಡೆಯುತ್ತಿತ್ತು. ವೇದಿಕೆಯ ಮೇಲೆ ಸೂಪರಿಂಟೆಂಡೆಂಟರು, ಮೇಲಿನ ಆಫೀಸಿನ ಅಧಿಕಾರಿ, ಮತ್ತು ತಲೆ ನುಣ್ಣಗೆ ಬಾಚಿದ ನನ್ನ ತಮ್ಮ. ಹಿಂದಿನ ಗೋಡೆಯ ಮೇಲೆ ಆಸ್ಪತ್ರೆಯ ಪುಟವನ್ನು ದೊಡ್ಡದಾಗಿ ಬಿಟ್ಟಿದ್ದರು. ಡ್ರೈವರ್ ಟೈಲರಮ್ಮನ ಮೊಣಕೈ ಹಿಡಿದು ಒಳಗೆ ತಂದದ್ದನ್ನು ಕಂಡೊಡನೆ ಸೂಪರಿಂಟೆಂಡೆಂಟರ ಮುಖ ಅರಳಿತು. ಫಲಾನುಭವಿ ಬರುತ್ತಾರೆಂದು ತಮ್ಮ ಮೊದಲೇ ಹೇಳಿಟ್ಟಿದ್ದ. ಯಾರು ಏನು ಎನ್ನುವ ಮೊದಲೇ ಅವಳನ್ನು ವೇದಿಕೆಗೆ ಹತ್ತಿಸಿದರು.

"ಪುಟ ಬಳಸಿದಿರಾ ಅಮ್ಮ?" ಎಂದು ಅಧಿಕಾರಿ ಕೇಳಿದರು.

"ಬಳಸಿದೆ."

"ಯಾರ ಸಹಾಯವೂ ಇಲ್ಲದೆ?"

"ಯಾರ ಸಹಾಯವೂ ಇಲ್ಲದೆ. ನಲವತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಗಾಡಿ ಬಂತು."

ಚಪ್ಪಾಳೆ ಬಿತ್ತು. ಅಧಿಕಾರಿ ಅದನ್ನು ಬರೆದುಕೊಂಡರು. "ಬೇರೆ ಯಾವ ಆಸ್ಪತ್ರೆಯಲ್ಲೂ ಈ ಸೌಲಭ್ಯ ಇಲ್ಲ" ಎಂದು ಸಭೆಗೆ ಹೇಳಿದರು. "ಗಾಡಿ ಎಲ್ಲಿದೆ?"

ಟೈಲರಮ್ಮ ಹೊರಗೆ ಕೈ ತೋರಿಸಿದಳು. ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಚಪ್ಪಾಳೆ ಮುಂದಿನ ಸಾಲಿನಿಂದ ಹಿಂದಕ್ಕೆ ಒಂದೊಂದೇ ಸಾಲಾಗಿ ನಿಂತಿತು. ನನ್ನ ತಮ್ಮ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ಇದ್ದ.

ಅವಳು ಫೋನನ್ನು ಮೈಕಿನ ಹತ್ತಿರ ಹಿಡಿದು ಬೆರಳಾಡಿಸಿದಳು. "ಹಸಿರು ಪಟ್ಟಿ, ಒಂಬತ್ತರಲ್ಲಿ ಒಂದು. ಮೇಲೆ ಬಿಳಿ ಬರಹ ಇದೆ. ಸುಸ್ಥಿತಿಯಲ್ಲಿದೆ." ಒಂಬತ್ತು ಸಲ ಸಭಾಂಗಣದ ತುಂಬ ಅದೇ ಮಾತು. ಹಿಂದಿನ ಸಾಲಿನಲ್ಲಿ ಒಬ್ಬರು ಏನೂ ಅರ್ಥವಾಗದೆ ಮತ್ತೆ ಚಪ್ಪಾಳೆ ತಟ್ಟಿದರು.

"ಅಣ್ಣ," ಎಂದಳು ಟೈಲರಮ್ಮ, ಅವನಿರುವ ದಿಕ್ಕು ತಪ್ಪಿ ಸೂಪರಿಂಟೆಂಡೆಂಟರ ಕಡೆಗೆ ತಿರುಗಿ, "ನಾನು ಒತ್ತಬೇಕಾಗಿದ್ದದ್ದು ಯಾವುದು?"

ತಮ್ಮ ಗೋಡೆಯ ಮೇಲಿನ ಪುಟದ ಕಡೆ ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನು ಚೀಟಿ ಓದಿದ. "ಆರನೇದು" ಎಂದ. ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ಮತ್ತೆ ಹೇಳಿದ. "ಆರನೇದಮ್ಮ. ಅದರ ಮೇಲೆ ಬರೆದಿದೆ."

ಅವಳು ಆರನೆಯದನ್ನು ಒತ್ತಿದಳು. "ಈ ಭೇಟಿಯ ಹನ್ನೆರಡು ಹೆಸರುಗಳು ಭರ್ತಿಯಾಗಿವೆ" ಎಂದಿತು ಫೋನು.

ಆಮೇಲೆ ಆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಪಟ್ಟಿ ಪುಟದ್ದು, ತಮ್ಮ ಕೈಯಲ್ಲಿಲ್ಲ ಎಂದು ಸೂಪರಿಂಟೆಂಡೆಂಟರು ಹೇಳಿದರು. ಯಂತ್ರ ನೂರಕ್ಕೆ ನೂರು ಕೊಟ್ಟಿರುವಾಗ ತಪ್ಪು ಇರಲು ಹೇಗೆ ಸಾಧ್ಯ ಎಂದು ಅಧಿಕಾರಿ ಪ್ರಾಮಾಣಿಕವಾಗಿಯೇ ಕೇಳಿದರು. ಪ್ರಶಸ್ತಿಪತ್ರ ಆಗಲೇ ಅಚ್ಚಾಗಿತ್ತು. ನನ್ನ ತಮ್ಮ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಿದ್ದರಿಂದ ಅದನ್ನು ಅವನ ಜೇಬಿಗೆ ತುರುಕಿದರು. ಮೊದಲು ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತೆ ಮಾತ್ರ, ಮುಚ್ಚಿದ ಕಿಟಕಿಯನ್ನು ತೆರೆದು ಟೈಲರಮ್ಮನಿಗೆ ಒಂದು ಲೋಟ ನೀರು ಕೊಟ್ಟಳು. ಅವಳ ಕೈಯಲ್ಲಿದ್ದದ್ದು ಅಷ್ಟೇ.

ಸರ್ಜನ್ ಬಂದ ಮೂರು ದಿನವೂ ತಮ್ಮ ಅವರ ಬಾಗಿಲಲ್ಲಿ ನಿಂತಿದ್ದ. ಹನ್ನೆರಡಕ್ಕಿಂತ ಹೆಚ್ಚು ಮಾಡಿದರೆ ನನ್ನ ಕೈ ನಡುಗುತ್ತದೆ, ಅದು ಯಾರ ಕಣ್ಣಿಗೆ ಬೀಳುತ್ತದೋ ಹೇಳಲಾರೆ ಎಂದರು ಅವರು. ಯಾರಾದರೂ ಬಿಟ್ಟುಕೊಟ್ಟರೆ ಮಾಡಿಯಾರು ಎಂದು ತಿಳಿದು ತಮ್ಮ ವಾರ್ಡಿಗೆ ಹೋದ. ಹನ್ನೆರಡು ಹಾಸಿಗೆಯ ತಲೆದೆಸೆಯ ಚೀಟಿಗಳನ್ನೂ ನಿಂತು ಓದಿದ. ಒಬ್ಬಳು ಎಳೆಯ ಕೂಸಿನ ತಾಯಿ, ಒಬ್ಬ ಬಸ್ಸು ಓಡಿಸುವವನು, ಒಬ್ಬ ಶಾಲೆಯ ಹುಡುಗ. ಯಾರನ್ನೂ ಏನೂ ಕೇಳದೆ ಹಿಂದಕ್ಕೆ ಬಂದ.

ಮರುವಾರದಿಂದ ಉಗ್ರಾಣದಲ್ಲಿ, ಫಿನಾಯಿಲು ಡಬ್ಬಗಳ ನಡುವೆ ಎರಡು ಸ್ಟೂಲು ಹಾಕಿಕೊಂಡು, ಇಬ್ಬರೂ ಪುಟವನ್ನು ಮೊದಲಿನಿಂದ ನೋಡತೊಡಗಿದರು. ಅವಳು ಬೆರಳಾಡಿಸಿ ಕೇಳಿಸಿಕೊಳ್ಳುವುದು, ಅವನು ತಿದ್ದುವುದು.

"ಬಣ್ಣ ಬೇಡ ಅಣ್ಣ."

"ಬಣ್ಣ ಬೇಡ. ಆಯ್ತು. ಎಷ್ಟಿದೆ ಅಂತ?"

"ಅದೂ ಬೇಡ. ಒತ್ತಿದರೆ ಏನಾಗತ್ತೆ ಅಂತ ಹೇಳು. ಹೆಣದ ಗಾಡಿ ಬರತ್ತೆ ಅಂದರೆ ಹೆಣದ ಗಾಡಿ ಅನ್ನು, ನಾನು ಹೆದರ್ಕೊಳ್ಳಲ್ಲ."

"ಗುಂಡಿ ಇಲ್ಲದ ಡಾಕ್ಟರು?"

"ಅವರಿಗೆ ಬಟನ್ ಹೊಲೀಬೇಕಾದರೆ ನನ್ನ ಹತ್ರ ಕಳಿಸು. ಪುಟಕ್ಕೆ ಯಾಕೆ?"

ಬಂದವರು ಮನುಷ್ಯರೇ ಎಂದು ಪರೀಕ್ಷಿಸಲು ಇಟ್ಟ ಆ ಸೊಟ್ಟ ಅಕ್ಷರಗಳನ್ನು ಗುರುತಿಸದಿದ್ದರೆ ಮೂರನೆಯ ಸಲ ಪುಟ ಹೊರಗೆ ದಬ್ಬುತ್ತದೆಂದು ಅವಳೇ ಕಂಡುಹಿಡಿದಳು. ಅವನು ಕಂಪ್ಯೂಟರ್ ವಿಭಾಗದಾತನ ಮನೆಗೆ ಹೋಗಿ, ಆತನ ಬೆನ್ನಿಗೆ ಬಿಸಿನೀರಿನ ಚೀಲ ಹಿಡಿದು ಕೂತು, ಅದನ್ನು ತೆಗೆಸಿದ. ಎಲ್ಲ ಮುಗಿದ ಮೇಲೆ ಪುಟವನ್ನು ಮತ್ತೆ ಯಂತ್ರಕ್ಕೆ ಒಡ್ಡಿದರೆ, ಅದೇ ನೂರಕ್ಕೆ ನೂರು. ಒಂದು ಅಂಕ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತಮ್ಮ ಗೋಡೆಯ ಹಾಳೆಯನ್ನು ಕಿತ್ತು ಹಾಕಿದ.

ಆ ಮೂರು ತಿಂಗಳಲ್ಲಿ ಟೈಲರಮ್ಮನ ಕಣ್ಣು ಮೊದಲು ಬಣ್ಣ ಬಿಟ್ಟಿತು, ಆಮೇಲೆ ಅಂಚು ಬಿಟ್ಟಿತು. ಹೆಡ್ಮಾಸ್ಟರ ಹೆಂಡತಿಯ ಹಳದಿ ರವಿಕೆಗೆ ಕೆಂಪು ದಾರದ ಹೊಲಿಗೆ ಬಿದ್ದಿತ್ತು. ಅವರು ಅದನ್ನೇ ಹಾಕಿಕೊಂಡು ಬೀದಿಯಲ್ಲಿ ನಡೆದರು, ಇನ್ನೊಂದು ರವಿಕೆಯ ಬಟ್ಟೆಯನ್ನೂ ತಂದುಕೊಟ್ಟರು. ಬಣ್ಣದ ಮಾತು ಎತ್ತಲಿಲ್ಲ. ನಮ್ಮ ಕಟ್ಟಡದಲ್ಲಿ ಯಾರೂ ಎತ್ತಲಿಲ್ಲ.

ಮುಂದಿನ ಪಟ್ಟಿ ತೆರೆದ ದಿನ ಹತ್ತು ಹೊಡೆದು ಒಂದು ನಿಮಿಷಕ್ಕೆ ಅವಳ ಹೆಸರು ಮೊದಲನೆಯದಾಗಿ ಸೇರಿತು. ತಾನೇ ಒತ್ತಿದಳು. ನಾನು ಈ ಸಲ ಬಾಗಿಲ ಹೊರಗೆ ನಿಂತಿದ್ದೆ.

ಸರ್ಜನ್ ಬಂದ ದಿನ ಅವಳ ಕಣ್ಣನ್ನು ತುಂಬ ಹೊತ್ತು ಪರೀಕ್ಷಿಸಿದರು.

ನಾನೂ ತಮ್ಮನೂ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದೆವು. ಟ್ಯೂಬ್‌ಲೈಟು ಒಂದು ಮಿಟುಕಿಸುತ್ತಿತ್ತು. ಅವನು ಎದ್ದು ಹೋಗಿ ಅದನ್ನು ಆರಿಸಿ ಬಂದ, ಮತ್ತೆ ಹೋಗಿ ಹಾಕಿ ಬಂದ. ಬಾಗಿಲು ತೆರೆದು ಟೈಲರಮ್ಮ ಹೊರಗೆ ಬಂದಾಗ ಸರ್ಜನ್ನೇ ಅವಳ ಕೈ ಹಿಡಿದಿದ್ದರು. ಬೆಂಚಿನವರೆಗೂ ತಂದು ಬಿಟ್ಟು ಒಳಗೆ ಹೋದರು.

"ಪುಟ ಚೆನ್ನಾಗಿ ಕೆಲಸ ಮಾಡ್ತು ಅಣ್ಣ" ಎಂದಳು ಟೈಲರಮ್ಮ. "ಒಂದೇ ನಿಮಿಷ. ಇನ್ನು ಯಾರೇ ಬಂದರೂ ತೊಂದರೆ ಆಗಲ್ಲ."

ತಮ್ಮ ಬೆಂಚಿನ ಮೇಲೆ ಅವಳಿಗೆ ಜಾಗ ಬಿಟ್ಟು ಸರಿದ.

"ತಡ ಆಯ್ತಂತೆ. ಪೊರೆ ಪೂರ್ತಿ ಬಿಟ್ಟುಕೊಂಡಿದೆಯಂತೆ. ಈಗ ಕೈ ಹಾಕಿದರೆ ನೋವು ಮಾತ್ರ, ಬೇಡ ಅಂದರು. ಒಳ್ಳೆ ಮನುಷ್ಯ. ಮೂರು ಸಲ ಕ್ಷಮಿಸಿ ಅಂದರು, ಪಾಪ, ಅವರದೇನು ತಪ್ಪು." ಚೀಟಿಯನ್ನು ಮಡಿಸಿ ಗಂಟಿಗೆ ಹಾಕಿದಳು. "ನಡೀರಿ. ಹೊಲಿಯೋದು ಬಹಳ ಇದೆ."

ಆಸ್ಪತ್ರೆಯ ಮುಂದಿನ ಮೆಟ್ಟಿಲಿಗೆ ಬಂದಾಗ ಅವಳನ್ನು ಇಳಿಸಲು ತಮ್ಮ ಕೈ ಚಾಚಿದ. ಆದರೆ ಅವನ ಪಾದ ಮುಂದಕ್ಕೆ ಹೋಗಲಿಲ್ಲ. ಮೊದಲ ಮೆಟ್ಟಿಲು ಎಲ್ಲಿದೆ ಎಂದು ಬೂಟಿನ ತುದಿಯಿಂದ ತಡಕುತ್ತಿದ್ದ. ಅವಳು ಕಿವಿಗೊಟ್ಟು ನಿಂತಳು. ಅವನ ಉಸಿರು ಕೇಳಿಸಿರಬೇಕು.

"ಅಯ್ಯೋ, ಇಷ್ಟು ಅತ್ತರೆ ನಿನಗೆಲ್ಲಿ ಕಾಣತ್ತೆ ಮೆಟ್ಟಿಲು?" ಎಂದು ಬೈದಳು. "ಕೊಡಿಲ್ಲಿ ಕೈ. ಗೋಡೆ ಕಡೆಗೆ ಬಾ. ಹತ್ತೋವಾಗ ಎಣಿಸಿದ್ದೀನಿ, ಏಳು ಮೆಟ್ಟಿಲಿದೆ. ಒಂದು. ಎರಡು. ನಿಧಾನ ಅಣ್ಣ, ಓಡಬೇಡ. ಮೂರು."

ಅವಳು ಮುಂದೆ, ಅವನು ಅವಳ ಕೈ ಹಿಡಿದು ಹಿಂದೆ, ಹೀಗೆ ಇಳಿದರು. ಇಬ್ಬರ ಚೀಲಗಳನ್ನೂ ಹಿಡಿದು ನಾನು ಅವರ ಹಿಂದೆ ಇಳಿದೆ. ಮೆಟ್ಟಿಲು ಏಳಲ್ಲ, ಎಂಟಿದ್ದವು. ಎಂಟನೆಯದರಲ್ಲಿ ಇಬ್ಬರೂ ಒಟ್ಟಿಗೆ ಎಡವಿ, ಒಬ್ಬರನ್ನೊಬ್ಬರು ಹಿಡಿದುಕೊಂಡು, ತಪ್ಪು ಯಾರದೆಂದು ಜಗಳವಾಡುತ್ತಾ ಗೇಟಿನ ಕಡೆಗೆ ನಡೆದರು.